ಇರಾ ಎಂಬ ಹೆಸರು

ಈ ಸಲದ ಚೈತ್ರದಲ್ಲಿ ಜಯನಗರದ ನಮ್ಮ ಮನೆಯಲ್ಲಿ ನಾಮಕರಣವಾಯಿತು. ಮೊಮ್ಮಗಳಿಗೆ ಇಟ್ಟ ಹೆಸರು ಇರಾ. ತೊಟ್ಟಿಲ ಸುತ್ತ ನಿಂತಿದ್ದವರಲ್ಲಿ ಅರ್ಧ ಮಂದಿ 'ಏನೆಂದಿರಿ?' ಎಂದು ಮತ್ತೊಮ್ಮೆ ಕೇಳಿದರು, ಉಳಿದವರು 'ಹಾಗೆಂದರೇನು?' ಎಂದರು. ಮಗುವಿನ ಅಜ್ಜನೂ ನಿವೃತ್ತ ಮೇಷ್ಟ್ರೂ ಆದ ನನ್ನ ಕಡೆಗೆ ಎಲ್ಲರ ಕಣ್ಣೂ ತಿರುಗಿತು. ಆ ದಿನ ನಾನು ಕೊಟ್ಟ ಉತ್ತರ ಅರ್ಧದ್ದು. ನಿಘಂಟಿನಲ್ಲಿ ಇರುವಷ್ಟನ್ನು ಹೇಳಿದೆ. ಉಳಿದ ಅರ್ಧ ನನಗೇ ತಿಳಿದದ್ದು ಆಮೇಲೆ. ಎರಡನ್ನೂ ಓದುಗರ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಹೆಸರು ದೊರೆತ ಬಗೆ ಹೀಗೆ. ಮಗು ಹುಟ್ಟಿದ್ದು ಕೃತ್ತಿಕಾ ನಕ್ಷತ್ರದ ಎರಡನೆಯ ಪಾದದಲ್ಲಿ. ಪಂಚಾಂಗದ ಲೆಕ್ಕದಲ್ಲಿ ಕೃತ್ತಿಕೆಯ ನಾಲ್ಕು ಪಾದಗಳಿಗೆ ಅ, ಇ, ಉ, ಎ ಎಂಬ ನಾಲ್ಕು ಅಕ್ಷರಗಳು; ನಮ್ಮ ಪಾಲಿಗೆ ಬಂದದ್ದು ಇಕಾರ. ಇಕಾರದಿಂದ ಮೊದಲಾಗುವ ಹೆಣ್ಣುಹೆಸರುಗಳು ನಮ್ಮಲ್ಲಿ ಬಹಳವಿಲ್ಲ. ಇಂದಿರಾ, ಇಂದುಮತಿ, ಇಳಾ ಎಂದು ನಾನು ಹೇಳಿದೆ; ಹಳೆಯ ಕಾಲದವು ಎಂದು ಸೊಸೆ ಮುಗುಳ್ನಕ್ಕಳು. ಇಂಚರ, ಇಬ್ಬನಿ ಎಂದೆ. ಇಬ್ಬನಿಯ ಒತ್ತಕ್ಷರ ಅಮೆರಿಕದಲ್ಲಿರುವ ನೆಂಟರ ಮಕ್ಕಳ ನಾಲಿಗೆಗೆ ಒಗ್ಗದು ಎಂದು ಮಗ ಹೇಳಿದ. ಕೊನೆಗೆ ಅವರೇ ಹೆಸರುಗಳ ಒಂದು ದೊಡ್ಡ ಪಟ್ಟಿಯನ್ನು ಹಿಡಿದುಕೊಂಡು ಬಂದರು. ಅದರಲ್ಲಿ ಇರಾ ಎಂಬುದರ ಎದುರಿಗೆ 'ಹೀಬ್ರೂ ಮೂಲ, ಎಚ್ಚರವಾಗಿರುವವರು, ಅಪರೂಪದ ಹೆಸರು' ಎಂದೂ, ಅದರ ಕೆಳಗೆ 'ಸಂಸ್ಕೃತದಲ್ಲಿ ಸರಸ್ವತಿ' ಎಂದೂ ಇತ್ತು. 'ಒಂದೇ ಹೆಸರಿಗೆ ಎರಡು ಭಾಷೆ, ಮಾವ. ಅಲ್ಲಿಗೂ ಆಯಿತು, ಇಲ್ಲಿಗೂ ಆಯಿತು' ಎಂದಳು ಸೊಸೆ. ಜಯನಗರ, ಬನಶಂಕರಿಗಳಲ್ಲಿ ಒಂದು ಕಾಲನ್ನು ಪರದೇಶದಲ್ಲಿ ಊರಿರುವ ಮನೆಗಳು ಎಷ್ಟೋ ಇವೆ. ಇಂಥ ಹೆಸರುಗಳ ಜನಪ್ರಿಯತೆಗೆ ಇದಕ್ಕಿಂತ ದೊಡ್ಡ ಕಾರಣವನ್ನು ಹುಡುಕಬೇಕಾಗಿಲ್ಲ.

ಮೊದಲು ಹೀಬ್ರೂವಿನ ಮಾತು. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ, ಸಮುವೇಲನ ಎರಡನೆಯ ಗ್ರಂಥದಲ್ಲಿ, ಈ ಹೆಸರಿನವರು ಮೂವರು ಬರುತ್ತಾರೆ. ಮೂವರೂ ಗಂಡಸರು. ಒಬ್ಬನು ದಾವೀದ ಅರಸನ ಯಾಜಕ; ಉಳಿದ ಇಬ್ಬರು ಆ ಅರಸನ ಹೆಸರಾಂತ ವೀರರ ಸಾಲಿನವರು. ಈ ಇಬ್ಬರಲ್ಲಿ ತೆಕೋವ ಎಂಬ ಊರಿನವನು, ಪೂರ್ವಕಾಲವೃತ್ತಾಂತದ ಪ್ರಕಾರ, ವರ್ಷದ ಆರನೆಯ ತಿಂಗಳಿನ ಸರದಿಯ ದಂಡಿಗೆ ಅಧಿಪತಿ. ಅವನ ಕೈಕೆಳಗೆ 24,000 ಮಂದಿ. ಎಚ್ಚರವಾಗಿರು ಎಂಬ ಅರ್ಥದ ಧಾತುವಿನಿಂದ ಈ ಹೆಸರು ಬಂದಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಕಾವಲಿನವನಿಗೆ ತಕ್ಕ ಹೆಸರೇ ಸರಿ. ಆದರೆ ಹೀಬ್ರೂ ಬರವಣಿಗೆಯಲ್ಲಿ ವ್ಯಂಜನಗಳದೇ ಪ್ರಾಧಾನ್ಯ. ಈ ಹೆಸರಿನ ಮೊದಲ ಮೂರು ಅಕ್ಷರಗಳನ್ನು ಒಂದು ರೀತಿಯಲ್ಲಿ ಓದಿದರೆ 'ನಗರ' ಎಂದಾಗುತ್ತದೆ. ಸ್ವರವನ್ನು ಬದಲಿಸಿ ಓದಿದರೆ 'ಕತ್ತೆಮರಿ' ಎಂದಾಗುತ್ತದೆ. ಪಟ್ಟಿಯನ್ನು ಮಾಡಿದ ಮಹಾಶಯರು ಕತ್ತೆಮರಿಯನ್ನು ಕೈಬಿಟ್ಟು ಎಚ್ಚರವನ್ನು ಮಾತ್ರ ಎತ್ತಿಕೊಂಡಿದ್ದಾರೆ.

ಈ ಹೆಸರು ಜನರ ಬಾಯಿಗೆ ಬಂದ ಕಥೆಯೂ ಸ್ವಾರಸ್ಯವಾದದ್ದು. ಸಂತರ ಹೆಸರುಗಳನ್ನು ಬದಿಗಿಟ್ಟು ಹಳೆಯ ಒಡಂಬಡಿಕೆಯ ಹೆಸರುಗಳನ್ನು ಮಕ್ಕಳಿಗೆ ಇಡುವ ವಾಡಿಕೆ ಇಂಗ್ಲೆಂಡಿನ ಪ್ಯೂರಿಟನ್ ಪಂಥದವರಲ್ಲಿ ಬಲವಾಗಿತ್ತು. ಅವರೊಡನೆ ಅದು ಅಮೆರಿಕಕ್ಕೆ ಹೋಯಿತು. 19ನೆಯ ಶತಮಾನದ ಅಮೆರಿಕದಲ್ಲಿ ಇದು ಗಂಡುಮಕ್ಕಳಿಗೆ ಸಾಕಷ್ಟು ರೂಢಿಯಾಗಿದ್ದ ಹೆಸರು. ಅವರ ಬಾಯಲ್ಲಿ ಅದು 'ಐರಾ'. 1807ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಐರಾ ಆಲ್ಡ್ರಿಜ್ ಎಂಬ ಕಪ್ಪು ಜನಾಂಗದ ನಟನು ತನ್ನ ನಾಡಿನಲ್ಲಿ ದೊರೆಯದ ರಂಗವನ್ನು ಹುಡುಕಿಕೊಂಡು ಇಂಗ್ಲೆಂಡಿಗೆ ಹೋಗಿ, 1833ರಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್ನಿನಲ್ಲಿ ಒಥೆಲೊ ಪಾತ್ರವನ್ನು ಆಡಿದನು. ಯೂರೋಪಿನ ದೇಶದೇಶಗಳಲ್ಲಿ ಷೇಕ್ಸ್‌ಪಿಯರನ ನಾಟಕಗಳನ್ನು ಅಭಿನಯಿಸುತ್ತ 1867ರಲ್ಲಿ ಪೋಲೆಂಡಿನ ವೂಚ್ ನಗರದಲ್ಲಿ ತೀರಿಕೊಂಡನು. ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದಲ್ಲಿ ಈ ಹೆಸರಿನ ಬಳಕೆ ಕುಗ್ಗಿತು. ಅಲ್ಲಿಯ ಪ್ರಸಿದ್ಧ ಗೀತಕಾರ ಐರಾ ಗರ್ಶ್ವಿನ್ (1896–1983) ಯೆಹೂದ್ಯನೇ ಆದರೂ ಹುಟ್ಟಿದಾಗ ಅವನ ಹೆಸರು ಇಸ್ರೇಲ್. ಇನ್ನು ರಷ್ಯದಲ್ಲಿ ಇರಾ ಎಂದರೆ ಐರೀನಾ ಎಂಬ ಹೆಣ್ಣುಹೆಸರಿನ ಮುದ್ದಿನ ರೂಪ. ಅದರ ಮೂಲ ಗ್ರೀಕ್ ಭಾಷೆಯದು, ಅರ್ಥ ಶಾಂತಿ. ಒಂದೇ ದನಿಯ ಹೆಸರು ಒಂದು ದೇಶದಲ್ಲಿ ಗಂಡು, ಇನ್ನೊಂದರಲ್ಲಿ ಹೆಣ್ಣು. ಒಂದು ಕಡೆ ಕಾವಲು, ಇನ್ನೊಂದು ಕಡೆ ಶಾಂತಿ.

ಸಂಸ್ಕೃತದ ಇರಾ ಬೇರೆಯೇ ಶಬ್ದ. ಹೀಬ್ರೂವಿಗೂ ಇದಕ್ಕೂ ನಂಟಿಲ್ಲ. ವೇದದ ಭಾಷೆಯಲ್ಲಿ ಇದು ದಣಿದವನಿಗೆ ಚೈತನ್ಯ ಕೊಡುವ ಪಾನ, ಅನ್ನರಸ. ಇರೆಯುಳ್ಳದ್ದು ಇರಾವತಿ ನದಿ. ಇಂದ್ರನ ಐರಾವತವೂ ಇದೇ ಬಳಗದ ಮಾತು. ಪುರಾಣದಲ್ಲಿ ಇರಾ ದಕ್ಷನ ಮಗಳು, ಕಶ್ಯಪನ ಹೆಂಡತಿ. ಮರ, ಬಳ್ಳಿ, ಹುಲ್ಲುಗಳಿಗೆ ತಾಯಿ. ಅಮರಕೋಶವು ಈ ಒಂದು ಪದಕ್ಕೆ ನಾಲ್ಕು ಅರ್ಥಗಳನ್ನು ಕೊಡುತ್ತದೆ: ಭೂಮಿ, ವಾಕ್ಕು, ಮದ್ಯ, ನೀರು. ನಾಮಕರಣದ ದಿನ ನಾನು ಭೂಮಿಯನ್ನೂ ವಾಕ್ಕನ್ನೂ ನೀರನ್ನೂ ಹೇಳಿದೆ. ನಾಲ್ಕನೆಯದನ್ನು ನುಂಗಿಕೊಂಡೆ. ಹೀಬ್ರೂ ಪಟ್ಟಿಯವರು ಕತ್ತೆಮರಿಯನ್ನು ಬಚ್ಚಿಟ್ಟಂತೆ ನಾನು ಮದ್ಯವನ್ನು ಬಚ್ಚಿಟ್ಟೆ. ಅಲ್ಲಿಗೆ ನಾವಿಬ್ಬರೂ ಸಮ.

ಇದನ್ನು ವಿನೋದಕ್ಕಾಗಿ ಹೇಳಿದ್ದಲ್ಲ. ಹೆಸರಿನ ಅರ್ಥವೆಂದು ಪಟ್ಟಿಗಳಲ್ಲಿ ಕಾಣುವುದು ಅರ್ಥವಲ್ಲ. ಹಲವು ಅರ್ಥಗಳಲ್ಲಿ ಒಬ್ಬರು ಆರಿಸಿದ ಒಂದು. ಆರಿಸಬಾರದೆಂದು ನಾನು ಹೇಳುವುದಿಲ್ಲ. ಮಗುವಿಗೆ ಒಳ್ಳೆಯದನ್ನೇ ಹಾರೈಸಬೇಕು. ಆದರೆ ಆರಿಸಿದ ಅರ್ಥವೇ ಹೆಸರಿನ ಪ್ರಾಣವೆಂದು ನಂಬುವುದು ತಪ್ಪು. ನಮ್ಮ ಹಿರಿಯರಿಗೆ ಈ ವಿವೇಕವಿತ್ತು. ಹೆಣ್ಣುಮಕ್ಕಳ ಹೆಸರಿನ ಲಕ್ಷಣಗಳನ್ನು ಹೇಳುವಾಗ ಮನುಸ್ಮೃತಿಯು ಮೊದಲು ಎತ್ತುವುದು ಅರ್ಥದ ಮಾತನ್ನಲ್ಲ, ಸುಖವಾಗಿ ಉಚ್ಚರಿಸಲು ಬರಬೇಕೆಂಬ ಮಾತನ್ನು. ಅರ್ಥ ಸ್ಪಷ್ಟವಾಗಿರಬೇಕು, ಮಂಗಳವಾಗಿರಬೇಕು ಎಂಬುದೆಲ್ಲ ಆಮೇಲೆ ಬರುತ್ತದೆ. ಆ ಗ್ರಂಥದ ಬೇರೆ ವಿಧಿಗಳನ್ನು ನಾವು ಒಪ್ಪದಿರಬಹುದು, ಒಪ್ಪಬೇಕಾಗಿಯೂ ಇಲ್ಲ. ಈ ಒಂದು ಮಾತಿನಲ್ಲಿ ಮಾತ್ರ ಲೋಕಾನುಭವವಿದೆ. ಹೆಸರು ಹುಟ್ಟುವುದು ಬಾಯಲ್ಲಿ, ಪುಸ್ತಕದಲ್ಲಲ್ಲ.

ಹೀಬ್ರೂ ಹೆಸರು ನಮ್ಮ ನಾಡಿಗೆ ಹೊಸದೆಂದು ಭಾವಿಸುವವರು ಒಮ್ಮೆ ಸುತ್ತ ನೋಡಬೇಕು. ಕ್ರೈಸ್ತರ ಯೋಹಾನ, ದಾನಿಯೇಲರೂ ಮುಸಲ್ಮಾನರ ಇಬ್ರಾಹಿಂ, ಯೂಸುಫ್, ಮರಿಯಮ್ಮರೂ ಹೊತ್ತ ಹೆಸರುಗಳ ಮೂಲ ಅದೇ ಭಾಷೆಯಲ್ಲಿದೆ. ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿ, 'ಚಂದ್ರಗಿರಿಯ ತೀರದಲ್ಲಿ' ಎಂಬ ಕಾದಂಬರಿಯಿಂದ ಕನ್ನಡಿಗರ ಮನೆಮಾತಾದ ಸಾರಾ ಅಬೂಬಕ್ಕರ್ ಅವರ ಸಾರಾ ಎಂಬುದೂ ಹೀಬ್ರೂವಿನದೇ, ಅರ್ಥ ಅರಸುಮಗಳು. 2023ರಲ್ಲಿ ಅವರು ತೀರಿಕೊಂಡಾಗ ಕನ್ನಡದ ಓದುಗರು ತಮ್ಮವರೊಬ್ಬರನ್ನು ಕಳೆದುಕೊಂಡೆವೆಂದು ದುಃಖಿಸಿದರೇ ಹೊರತು ಹೆಸರಿನ ಮೂಲವನ್ನು ವಿಚಾರಿಸಲಿಲ್ಲ. ನಮಗೆ ಸಾರಾ ಎಂದರೆ ಅರಸುಮಗಳಲ್ಲ. ಚಂದ್ರಗಿರಿ ಹೊಳೆಯ ದಡದ ಹೆಂಗಸರ ಸಂಕಟವನ್ನು ಬರೆದ ಒಬ್ಬ ದಿಟ್ಟ ಹೆಣ್ಣು. ಅರ್ಥ ಹೀಗೆ ಬದಲಾಗುತ್ತದೆ, ಹೊತ್ತವರು ಬದಲಾಯಿಸುತ್ತಾರೆ.

ಇನ್ನೂ ಹಿಂದಕ್ಕೆ ಹೋಗೋಣ. ಎರಡನೆಯ ಮೈಸೂರು ಯುದ್ಧದಲ್ಲಿ (1780–84) ಟಿಪ್ಪುವಿನ ಕೈಗೆ ಸೆರೆಸಿಕ್ಕ ಇಂಗ್ಲಿಷರ ಪಡೆಯವರಲ್ಲಿ ಸಮುವೇಲ್ ಎಜಿಕಿಯೇಲ್ ದಿವೇಕರ್ ಎಂಬ ಕೊಂಕಣದ ಯೆಹೂದ್ಯನಿದ್ದನು. ಅವನ ಜನ ಬೆನೆ ಇಸ್ರೇಲರು. ಶತಮಾನಗಳಿಂದ ಮರಾಠಿ ನುಡಿಯುತ್ತ, ಎಣ್ಣೆ ಗಾಣ ಆಡಿಸುತ್ತ ಕರಾವಳಿಯಲ್ಲಿ ಬದುಕಿದವರು. ನೆರೆಹೊರೆಯವರ ಬಾಯಲ್ಲಿ ಅವನು ಸಾಮಾಜಿ ಹಸಾಜಿ. ಸಮುವೇಲ ಸಾಮಾಜಿಯಾದ, ಎಜಿಕಿಯೇಲ ಹಸಾಜಿಯಾದ, ದಿವೆ ಎಂಬ ಊರಿಗೆ 'ಕರ್' ಸೇರಿ ಮನೆತನದ ಹೆಸರಾಯಿತು. ಇವರು ಬೆನೆ ಇಸ್ರೇಲರೆಂದು ತಿಳಿದು, ಕುರಾನಿನಲ್ಲಿ ಬರುವ ಜನ ಇವರೆಂದು ಟಿಪ್ಪುವಿನ ತಾಯಿ ಪ್ರಾಣದಾನ ಮಾಡಿಸಿದಳೆಂದು ಆ ಸಮುದಾಯದಲ್ಲಿ ಐತಿಹ್ಯವಿದೆ. ಐತಿಹ್ಯ ಹೇಗೇ ಇರಲಿ, ಬಿಡುಗಡೆಯಾಗಿ ಮುಂಬಯಿಗೆ ಮರಳಿದ ಸಾಮಾಜಿಯು 1796ರಲ್ಲಿ ಅಲ್ಲಿ ತನ್ನ ಜನರ ಮೊದಲ ಪ್ರಾರ್ಥನಾಮಂದಿರವನ್ನು ಕಟ್ಟಿಸಿದ್ದು ಇತಿಹಾಸ. ಹೆಸರು ಬಾಗಿದ್ದರಿಂದ ಅವನ ಧರ್ಮವೇನೂ ಬಾಗಲಿಲ್ಲ. ನಮ್ಮ ಬೆಂಗಳೂರಿನಲ್ಲಿಯೇ ಮೈಸೂರು ರಸ್ತೆಯ ಪಕ್ಕದಲ್ಲಿ ಯೆಹೂದ್ಯರ ಒಂದು ಚಿಕ್ಕ ರುದ್ರಭೂಮಿಯಿದೆ. 1904ರಲ್ಲಿ ಅಲ್ಲಿ ಮೊದಲು ಮಣ್ಣಾದವನು ಸುಬೇದಾರ ಸಮುವೇಲ್ ನಾಗಾಂವಕರ್. ಪ್ರವಾದಿಯ ಹೆಸರೊಂದು, ಕೊಂಕಣದ ಹಳ್ಳಿಯ ಹೆಸರೊಂದು, ದಂಡಿನ ಪದವಿಯೊಂದು. ಮೂರೂ ಒಂದು ಕಲ್ಲಿನಡಿಯಲ್ಲಿ ಜಗಳವಿಲ್ಲದೆ ಮಲಗಿವೆ.

ಅಷ್ಟು ದೂರವೇಕೆ, ನಮ್ಮ ದಕ್ಷಿಣ ಬೆಂಗಳೂರಿನ ಊರುಹೆಸರುಗಳನ್ನೇ ನೋಡಬಹುದು. ಬನಶಂಕರಿ ಎಂಬುದರ ಬನ ಸಂಸ್ಕೃತದ ವನವೇ. ಬಾದಾಮಿಯ ಸಮೀಪದ ದೇವಿಯನ್ನು ಕನ್ನಡಿಗರು ಬನಶಂಕರಿಯೆಂದು ಕರೆದರು. ಆ ಹೆಸರು ಕನಕಪುರ ರಸ್ತೆಯ ಗುಡಿಗೂ ಬಡಾವಣೆಗೂ ಬಂತು. ಇದನ್ನು ವನಶಂಕರಿಯೆಂದು ತಿದ್ದಬೇಕೆಂದು ಯಾವ ಪಂಡಿತನೂ ಹೊರಟಿಲ್ಲ. ಅದರ ನೆರೆಯಲ್ಲಿ ಬಿಟಿಎಂ ಬಡಾವಣೆಯಿದೆ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಹೆಸರಿನಿಂದ ಒಂದೊಂದು ಇಂಗ್ಲಿಷ್ ಅಕ್ಷರವನ್ನು ಕಿತ್ತು ಮಾಡಿದ ಹೆಸರು ಅದು. ಬನಶಂಕರಿಯಲ್ಲಿ ಹೆಸರು ಬಾಯಿಗೆ ಬಾಗಿತು; ಬಾಗಿಯೂ ದೇವಿ ಉಳಿದಳು. ಬಿಟಿಎಂನಲ್ಲಿ ಹೆಸರು ಬಾಗಲಿಲ್ಲ, ಮುರಿಯಿತು. ಬೈರನೂ ಇಲ್ಲ, ತಾವರೆಯೂ ಇಲ್ಲ. ಅಲ್ಲಿ ವಾಸಿಸುವ ಹುಡುಗರನ್ನು ಕೇಳಿದರೆ ಆ ಮೂರು ಅಕ್ಷರಗಳ ವಿವರ ಹೇಳುವವರು ಕೆಲವರೇ. ಬಾಗುವುದಕ್ಕೂ ಮುರಿಯುವುದಕ್ಕೂ ಇರುವ ಈ ಭೇದವನ್ನು ಓದುಗರು ಮನಸ್ಸಿನಲ್ಲಿಡಬೇಕು. ನಾನು ಇನ್ನು ಹೇಳಹೊರಟಿರುವುದು ಅದನ್ನೇ.

ನಾಮಕರಣವಾದ ನಾಲ್ಕನೆಯ ದಿನ ಬೆಳಿಗ್ಗೆ ನಮ್ಮ ಮನೆಗೆ ಹೂವು ತರುವಾಕೆ ಬಂದಳು. ಹಿರಿಯೂರಿನ ಕಡೆಯವಳು, ವಯಸ್ಸು ಅರವತ್ತರ ಮೇಲೆ. 'ಮಗೀಗೆ ಏನು ಹೆಸರಿಟ್ರಿ, ಅಮ್ಮಾವ್ರೆ?' ಎಂದು ನನ್ನ ಹೆಂಡತಿಯನ್ನು ಕೇಳಿದಳು. ಇವಳು 'ಇರಾ' ಎಂದಳು. 'ಈರಮ್ಮನಾ! ಒಳ್ಳೇದಾಯ್ತು ಬಿಡಿ, ಈಗ ಯಾರೂ ಇಡಾಕಿಲ್ಲ. ನಮ್ಮವ್ವನ ಹೆಸ್ರೂ ಅದೇಯ' ಎಂದು ಮುದುಕಿ ಬುಟ್ಟಿಯನ್ನು ಕೆಳಗಿಟ್ಟು, ತೊಟ್ಟಿಲ ಹತ್ತಿರ ಬಂದು, ದೃಷ್ಟಿ ನಿವಾಳಿಸಿ ನೆಟಿಕೆ ಮುರಿದಳು. ಆ ದಿನದ ಒಂದು ಮೊಳ ಮಲ್ಲಿಗೆಗೆ ಕಾಸು ಮುಟ್ಟಲಿಲ್ಲ. ಅವಳು ಹೋದ ಮೇಲೆ ಸೊಸೆ ತಗ್ಗಿದ ದನಿಯಲ್ಲಿ, 'ಈರಮ್ಮ ಅಂತ ಕರೆಯಬೇಡಿ ಅಂತ ಅವರಿಗೆ ಹೇಳಿಬಿಡಿ, ಮಾವ' ಎಂದಳು. ಹೇಳುತ್ತೇನೆಂದು ತಲೆಯಾಡಿಸಿದೆ. ಆದರೆ ಹೇಳಲಾರದೆ ಹೋದೆ. ಅದಕ್ಕೆ ಕಾರಣ ನನ್ನ ಒಂದು ಹಳೆಯ ತಪ್ಪು.

ಈರಮ್ಮ ಎಂದರೆ ವೀರಮ್ಮ. ನಮ್ಮ ಜನರ ಬಾಯಲ್ಲಿ ಮೊದಲಿನ ವಕಾರ ಇಕಾರದ ಮುಂದೆ ಕರಗುತ್ತದೆ: ವಿಷ ಇಸವಾಗುತ್ತದೆ, ವಿಚಾರ ಇಚಾರವಾಗುತ್ತದೆ, ವೀರಭದ್ರ ಈರಭದ್ರನಾಗುತ್ತಾನೆ. ಹಾಗೆ ಬಂದವರು ನಮ್ಮ ಈರಣ್ಣ, ಈರಪ್ಪ, ಈರಮ್ಮಂದಿರು. 1979ರಲ್ಲಿ ನಾನು ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿಗೆ ಮೇಷ್ಟ್ರಾಗಿ ಹೋದಾಗ ಅಲ್ಲಿ ಬೀದಿಗೊಬ್ಬ ಈರಣ್ಣ, ಮನೆಗೊಬ್ಬ ಈರಮ್ಮ. ಶಾಲೆಗೆ ಸೇರಿಸಲು ಒಬ್ಬ ತಂದೆ ತನ್ನ ಮಗಳನ್ನು ಕರೆತಂದ. ಹೆಸರು ಕೇಳಿದೆ, ಈರಮ್ಮ ಎಂದ. 'ಇದೇನಯ್ಯ ಇಂಥ ಹೆಸರು? ನಾಳೆ ಪಟ್ಟಣಕ್ಕೆ ಓದಲು ಹೋದರೆ ನಗುತ್ತಾರೆ. ವೀಣಾ ಎಂದು ಬರೆಯುತ್ತೇನೆ' ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನೆ ನಿಂತ. 'ನಮ್ಮವ್ವನ ಹೆಸ್ರು, ಸಾಮಿ. ಅವಳು ಸತ್ತ ವರ್ಷವೇ ಇದು ಹುಟ್ಟಿದ್ದು' ಎಂದ. ಆಮೇಲೆ, 'ಆಗಲಿ, ನೀವು ಬರೆದಂಗೆ' ಎಂದ. ಓದಿದವನ ಮಾತಿನ ಮೇಲೆ ಅವನಿಗೆ ಅಷ್ಟು ನಂಬಿಕೆ.

ಮರುದಿನ ಹಾಜರಿ ಕೂಗುವಾಗ 'ವೀಣಾ' ಎಂದೆ. ಉತ್ತರವಿಲ್ಲ. ಇನ್ನೊಮ್ಮೆ ಕೂಗಿದೆ, ಮತ್ತೊಮ್ಮೆ ಕೂಗಿದೆ. ಪಕ್ಕದ ಹುಡುಗಿ ತಿವಿದು 'ನೀನೇ ಕಣೇ' ಎಂದಳು. ಮಗು ಎದ್ದು ನಿಂತಿತು. ಆದರೆ ಬಾಯಿ ತೆರೆಯಲಿಲ್ಲ. ತನ್ನ ಹೆಸರಲ್ಲದ ಹೆಸರಿಗೆ ಹೇಗೆ ಓಗೊಡಬೇಕೆಂದು ಅದಕ್ಕೆ ತೋಚಲಿಲ್ಲ. ಒಂದು ಮಾತ್ರೆಯಷ್ಟು ಮಸಿಯಿಂದ ನಾನು ಒಬ್ಬ ಮುದುಕಿಯನ್ನು ಎರಡನೆಯ ಸಲ ಸಾಯಿಸಿದ್ದೆನೆಂಬುದು ಆಗ ನನಗೆ ಹೊಳೆಯಲಿಲ್ಲ. ಅವಳೊಬ್ಬಳೇ ಅಲ್ಲ, ಆ ಮೇಲಿನ ವರ್ಷಗಳಲ್ಲಿ ಎಷ್ಟು ಕೆಂಚಮ್ಮರನ್ನು ಕಾಂಚನಾ ಮಾಡಿದೆನೋ, ಎಷ್ಟು ತಿಮ್ಮಕ್ಕರನ್ನು ತಾರಾ ಮಾಡಿದೆನೋ ಲೆಕ್ಕವಿಟ್ಟಿಲ್ಲ. ಎಲ್ಲವೂ ಉಪಕಾರವೆಂದೇ ತಿಳಿದು ಮಾಡಿದ್ದು. ನಾನು ಮಾಡಿದ್ದು ಬಾಗಿಸುವ ಕೆಲಸವಲ್ಲ, ಮುರಿಯುವ ಕೆಲಸ.

ಈಗ ವಿಧಿಯ ವಿನೋದವನ್ನು ನೋಡಿರಿ. ಹೀಬ್ರೂವಿನಲ್ಲಿ ಈ ಹೆಸರಿನ ಮೊದಲ ಸ್ವರ ದೀರ್ಘ. ಅದು ಇರಾ ಅಲ್ಲ, ಈರಾ. ಹೂವಿನ ಮುದುಕಿಯ ಉಚ್ಚಾರವೇ ಮೂಲಕ್ಕೆ ಹತ್ತಿರವಾದದ್ದು. ದಾವೀದನ ವೀರರ ಸಾಲಿನಲ್ಲಿ ನಿಂತ ಈರನೂ ನಮ್ಮ ಹಳ್ಳಿಯ ಈರಣ್ಣನೂ ದನಿಯಲ್ಲಿ ಒಂದೇ. ಇದು ಕೇವಲ ಆಕಸ್ಮಿಕ. ಇದರಿಂದ ಎರಡು ಭಾಷೆಗಳ ನಂಟನ್ನು ಸಾಧಿಸಹೊರಡುವ ಹುಚ್ಚು ನನಗಿಲ್ಲ. ಆದರೆ ನನ್ನ ಮಟ್ಟಿಗೆ ಆಕಸ್ಮಿಕವೂ ಒಂದು ಪಾಠವಾಯಿತು. ಈರಮ್ಮ ಎಂಬುದು ಹಳ್ಳಿಯದೆಂದು ನಾನು ಹೊಡೆದುಹಾಕಿದ ಹೆಸರು. ಇರಾ ಎಂಬುದು ಅಪರೂಪದ್ದೆಂದು ನನ್ನ ಮಗ ಸಮುದ್ರದಾಚೆಯಿಂದ ಎತ್ತಿ ತಂದ ಹೆಸರು. ಎರಡರ ನಡುವೆ ಇರುವುದು ಒಂದು ಮಾತ್ರೆಯ ಅಂತರ, ಮತ್ತು ನಮ್ಮ ನಾಚಿಕೆ.

ಹಾಗೆಂದು ದೂರದ ಹೆಸರನ್ನು ಇಡಬಾರದೆಂದು ನಾನು ಹೇಳುತ್ತಿಲ್ಲ. 2014ರ ನಾಗರಿಕ ಸೇವಾ ಪರೀಕ್ಷೆಯಲ್ಲಿ ದೇಶಕ್ಕೇ ಮೊದಲಿಗಳಾದ ಇರಾ ಸಿಂಘಲ್ ಆ ಎರಡಕ್ಷರಕ್ಕೆ ಯಾವ ನಿಘಂಟೂ ಕೊಡದ ಅರ್ಥವನ್ನು ಕೊಟ್ಟಿದ್ದಾಳೆ. ತನ್ನ ದೇಹದ ಅಂಗವೈಕಲ್ಯವನ್ನು ನೆಪಮಾಡಿ ಕೆಲಸ ನಿರಾಕರಿಸಿದವರೊಡನೆ ಹೋರಾಡಿ ಗೆದ್ದವಳು ಅವಳು. ಹೆಸರುಗಳು ಯಾವ ಕಾಲದಲ್ಲಿಯೂ ಊರಿಂದೂರಿಗೆ ನಡೆದಿವೆ. ನನ್ನ ಮಾತು ಇಷ್ಟೇ. ಹೆಸರನ್ನು ಎಲ್ಲಿಂದಲಾದರೂ ತನ್ನಿರಿ. ತಂದ ಮೇಲೆ ಅದನ್ನು ಸುತ್ತಲಿನ ಬಾಯಿಗಳಿಗೆ ಒಪ್ಪಿಸಿರಿ. ಅಜ್ಜಿ ಒಂದು ರೀತಿ ಕರೆಯಲಿ, ಹೂವಿನವಳು ಒಂದು ರೀತಿ ಕರೆಯಲಿ, ಅಮೆರಿಕದ ನೆಂಟರು ಐರಾ ಎನ್ನಲಿ. ಬಾಗದ ಹೆಸರು ಎಷ್ಟು ಅರ್ಥವತ್ತಾಗಿದ್ದರೂ ಕಾಗದದ ಮೇಲೆ ಅತಿಥಿಯಾಗಿಯೇ ಉಳಿಯುತ್ತದೆ.

ತಂದೆತಾಯಿಗಳಿಗೆ ಇನ್ನೊಂದು ವಿಷಯವನ್ನೂ ತಿಳಿಸುವುದು ಒಳ್ಳೆಯದು. ಹೆಸರಿಗಾಗಿ ಆತುರಪಡಬೇಕಾಗಿಲ್ಲ. 1969ರ ಜನನ ಮರಣ ನೋಂದಣಿ ಕಾಯಿದೆಯ ಪ್ರಕಾರ ಮಗುವಿನ ಜನನವನ್ನು 21 ದಿನಗಳೊಳಗೆ ತಿಳಿಸಬೇಕು; ಹೆಸರನ್ನಲ್ಲ. ಹೆಸರಿಲ್ಲದೆಯೇ ನೋಂದಾಯಿಸಿ, 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರನ್ನು ಸೇರಿಸಬಹುದು. ಅದಾದ ಮೇಲೆ 15 ವರ್ಷದವರೆಗೂ ಶುಲ್ಕ ತೆತ್ತು ಸೇರಿಸಲು ಅವಕಾಶವಿದೆ. ಕಾನೂನೇ ಒಂದು ವರ್ಷದ ಬಿಡುವು ಕೊಟ್ಟಿರುವಾಗ, ಪಟ್ಟಿಯಲ್ಲಿ ಕಂಡ ಹೆಸರನ್ನು ಕೆಲವು ತಿಂಗಳು ಮನೆಯವರ, ಬೀದಿಯವರ ಬಾಯಲ್ಲಿ ಬಿಟ್ಟು ನೋಡಬಾರದೇಕೆ? ಮೇಷ್ಟ್ರ ವೃತ್ತಿಯಲ್ಲಿರುವ ನನ್ನ ತಮ್ಮಂದಿರಿಗೂ ತಂಗಿಯರಿಗೂ ಒಂದು ಬಿನ್ನಹ: ರಿಜಿಸ್ಟರಿನಲ್ಲಿ ಮಗುವಿನ ಹೆಸರನ್ನು ತಿದ್ದುವ ಮೊದಲು, ಅದು ಯಾರ ಹೆಸರೆಂದು ಕೇಳಿರಿ.

ಹೂವಿನಾಕೆಗೆ ನಾನು ಇದುವರೆಗೂ ಏನನ್ನೂ ಹೇಳಿಲ್ಲ. ಹಿರಿಯೂರಿನ ಸೀಮೆಯ ಆ ಹಳ್ಳಿಯ ಮಾತನ್ನು ಮಾತ್ರ ಒಂದು ಸಂಜೆ ಮಗ ಸೊಸೆಯರನ್ನು ಕೂರಿಸಿಕೊಂಡು ಹೇಳಿದೆ. ಸೊಸೆ ಬಹಳ ಹೊತ್ತು ಮಾತಾಡಲಿಲ್ಲ. ಮಗುವಿಗೆ ಈಗ ಐದು ತಿಂಗಳು. ದನಿ ಕೇಳಿದತ್ತ ತಿರುಗುತ್ತದೆ. ಮೊನ್ನೆ ಬೆಳಿಗ್ಗೆ ಗೇಟಿನ ಬಳಿ 'ಈರಮ್ಮಾ' ಎಂದು ಕೂಗು ಕೇಳಿತು. ಸೊಸೆ ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬಂದಳು. 'ನೋಡು, ನಿನ್ನನ್ನು ಕರೀತಿದಾರೆ' ಎಂದಳು.